ನಾಲ್ಕು ಮಡಿಕೆಯ ದಾರ

ಗಾರ್ಡು ಹೂವಪ್ಪನ ಮನೆಯ ಕೋಳಿಗಳು ಸರಿಯಾಗಿ ಒಂದು ಘನ ಮೀಟರಿನಲ್ಲಿ ವಾಸವಾಗಿದ್ದವು. ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್, ಎತ್ತರ ಒಂದು ಮೀಟರ್. ಬಿದಿರು ದಬ್ಬೆಯ ಗೂಡು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕು ಸುತ್ತಿದರೂ ಅಷ್ಟು ಕರಾರುವಾಕ್ಕಾದ ಕೋಳಿಗೂಡು ಸಿಕ್ಕುತ್ತಿರಲಿಲ್ಲ. ಮನೆಗೆ ಬಂದವರು ಅದರ ಕಡೆ ಒಮ್ಮೆ ನೋಡಿದರೆ ಸಾಕು, ಹೂವಪ್ಪ ತಾನಾಗಿಯೇ ಶುರು ಮಾಡುತ್ತಿದ್ದ. ಫಾರೆಸ್ಟರ್ ಆಗಬೇಕಾಗಿದ್ದವನು ನಾನು, ನನ್ನ ಬುದ್ಧಿಗೆ ಕೊನೆಗೆ ಸಿಕ್ಕಿದ್ದು ಇದು, ಕೋಳಿಗಳಾದರೂ ಒಳಗೆ ಕೂತು ಲೆಕ್ಕ ಕಲಿಯಲಿ ಅಂತ ಇಟ್ಟಿದ್ದೇನೆ ಎನ್ನುತ್ತಿದ್ದ. ಆಮೇಲೆ ಅವರಿಗೆ ಒಂದು ಲೋಟ ಕಾಫಿ ಕೊಡಿಸಿ, ತನ್ನ ದಡ್ಡತನದ ಕತೆಯನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದ. ಕಾಫಿ ಆರಿದರೂ ಕತೆ ಮುಗಿಯುತ್ತಿರಲಿಲ್ಲ.

ಅರವತ್ತಮೂರನೇ ಇಸವಿಯ ಹೊತ್ತಿಗೆ ಹೂವಪ್ಪನಿಗೆ ನಲವತ್ತೆಂಟು ವರ್ಷ. ಸಾಗರದಿಂದ ಆಚೆ ಒಂದು ನಾಟಾ ಡಿಪೋದಲ್ಲಿ ಫಾರೆಸ್ಟ್ ಗಾರ್ಡು. ಕಾಡಿನಿಂದ ಲಾರಿಯಲ್ಲಿ ಬಂದ ದಿಮ್ಮಿಗಳನ್ನು ಅಳೆದು, ನಂಬರು ಹೊಡೆದು, ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಅವನ ಅಳತೆಯ ಸಾಮಾನು ಮೂರೇ: ಉದ್ದಕ್ಕೆ ಒಂದು ಟೇಪು, ದಪ್ಪಕ್ಕೆ ಒಂದು ಸೆಣಬಿನ ದಾರ, ಅಪ್ಪನ ಕಾಲದ ಒಂದು ಸಾಗುವಾನಿ ಅಡಿಕೋಲು. ದಿಮ್ಮಿಯ ಸುತ್ತ ದಾರ ಸುತ್ತಿ ಹಿಡಿಯುತ್ತಿದ್ದ. ಹಿಡಿದದ್ದನ್ನು ಎರಡಾಗಿ, ಮತ್ತೆ ಎರಡಾಗಿ, ನಾಲ್ಕು ಮಡಿಕೆ ಮಾಡಿ ಅಡಿಕೋಲಿನ ಮೇಲೆ ಇಡುತ್ತಿದ್ದ. ಆ ದುಂಡು ಮರವನ್ನು ಚೌಕಾಕಾರದ ತೊಲೆ ಮಾಡಿದರೆ ಒಂದು ಮಗ್ಗುಲು ಎಷ್ಟು ಬಂದೀತು ಎಂಬುದಕ್ಕೆ ಅದೇ ಲೆಕ್ಕ. ಮಗ್ಗುಲನ್ನು ಮಗ್ಗುಲಿನಿಂದ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿದರೆ ಇಷ್ಟು ಘನ ಅಡಿ ಎಂದು ಸಿಗುತ್ತಿತ್ತು. ಸುತ್ತಿನ ಸಿಪ್ಪೆ ಗರಗಸದ ಪಾಲು ಎಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಗುಣಾಕಾರಕ್ಕೆ ಅವನಿಗೆ ಕಾಗದ ಬೇಕಿರಲಿಲ್ಲ. ದಾರ ಮಡಚುವಷ್ಟರಲ್ಲಿ ಉತ್ತರ ಬಾಯಿಗೆ ಬಂದಿರುತ್ತಿತ್ತು. ಹತ್ತು ಮಾರು ದೂರದಲ್ಲಿ ನಿಂತು, ಇದು ಇಪ್ಪತ್ತೆರಡೂವರೆ ಅಡಿ ಎಂದು ಹೇಳಿ ಆಮೇಲೆ ಅಳೆದರೆ ಅರ್ಧ ಅಡಿ ಆಚೀಚೆ ಆಗುತ್ತಿರಲಿಲ್ಲ. ‘ಹೂವಪ್ಪನ ಅಳತೆ ತಪ್ಪಲ್ಲ’ ಎನ್ನುವುದು ಆ ಕಡೆ ಗಾದೆಯೇ ಆಗಿಹೋಗಿತ್ತು. ಈ ಗಾದೆಯನ್ನು ಮೊದಲು ಹುಟ್ಟಿಸಿದವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ಹೂವಪ್ಪನಿಗೆ ಗೊತ್ತಿತ್ತು. ಅವನೇ.

ಅಂಥವನ ಬಾಳಿಗೆ ಮೀಟರು ಬಂತು. ಇನ್ನು ಮೇಲೆ ಅಡಿ ಇಲ್ಲ, ಇಂಚು ಇಲ್ಲ, ಮರವನ್ನು ಘನ ಮೀಟರಿನಲ್ಲೇ ಬರೆಯಬೇಕು ಎಂದು ಮೇಲಿನಿಂದ ಆರ್ಡರು ಆಯಿತು. ಗಾರ್ಡುಗಳಿಗೆಲ್ಲ ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ. ಮೊದಲನೇ ದಿನ ಕನ್ನಡಕದ ಹುಡುಗನೊಬ್ಬ ಕರಿಹಲಗೆಯ ಮೇಲೆ ಒಂದು ಗೆರೆ ಎಳೆದು, ಇದು ಒಂದು ಮೀಟರು, ಮೂರಡಿ ಮೂರಿಂಚಿನ ಮೇಲೆ ಚೂರು ಎಂದ. ಇಷ್ಟಕ್ಕೆ ಶಿವಮೊಗ್ಗಕ್ಕೆ ಬರಬೇಕಿತ್ತೇ ಎಂದುಕೊಂಡು ಹೂವಪ್ಪ ಕೂತಲ್ಲೇ ನಿದ್ದೆ ಹೊಡೆದ. ಎರಡನೇ ದಿನ, ಹೆಂಡತಿ ಬಂಗಾರಮ್ಮನಿಗೆ ಸೀರೆ ತರುವ ನೆಪ ಮಾಡಿಕೊಂಡು ಗಾಂಧಿ ಬಜಾರಿಗೆ ನಡೆದುಬಿಟ್ಟ. ಘನ ಅಳತೆಯ ಪಾಠ ಇದ್ದದ್ದು ಆ ಎರಡನೇ ದಿನವೇ. ಹಸಿರು ಒಡಲಿನ, ಕೆಂಪು ಅಂಚಿನ ಆ ಹತ್ತಿ ಸೀರೆಯನ್ನು ಬಂಗಾರಮ್ಮ ಉಟ್ಟಾಗಲೆಲ್ಲ ಹೂವಪ್ಪ ಮುಂದೆ ಹೇಳುತ್ತಿದ್ದ, ಇದಕ್ಕಿಂತ ದುಬಾರಿ ಸೀರೆಯನ್ನು ಮೈಸೂರಿನ ಮಹಾರಾಣಿಯೂ ಉಟ್ಟಿರಲಾರಳು ಎಂದು.

ಡಿಪೋಗೆ ಹೊಸ ಮೀಟರಿನ ಟೇಪು ಬಂತು. ಹೂವಪ್ಪ ಹಳೆಯ ಟೇಪನ್ನು ಸುತ್ತಿಟ್ಟು ಹೊಸತನ್ನು ಹಿಡಿದ. ಉದ್ದ ಮೀಟರಿಗೆ ಬಂತು, ಸರಿಯೇ. ಆದರೆ ದಾರ? ದಾರದ ಮೇಲೆ ಅಡಿಯೂ ಬರೆದಿಲ್ಲ, ಮೀಟರೂ ಬರೆದಿಲ್ಲ, ಸರ್ಕಾರದ ಆರ್ಡರಿಗೂ ಸೆಣಬಿನ ದಾರಕ್ಕೂ ಏನು ಸಂಬಂಧ ಎಂದುಕೊಂಡು ಅದನ್ನು ಎಂದಿನಂತೆ ನಾಲ್ಕು ಮಡಿಕೆ ಮಾಡಿ, ಎಂದಿನಂತೆ ಅಪ್ಪನ ಅಡಿಕೋಲಿನ ಮೇಲೆ ಇಟ್ಟ. ಉದ್ದ ಮೀಟರಿನಲ್ಲಿ, ದಪ್ಪ ಅಡಿಯಲ್ಲಿ. ಎರಡನ್ನೂ ಗುಣಿಸಿ ಎದುರಿಗೆ ‘ಘನ ಮೀಟರ್’ ಎಂದು ದುಂಡಗೆ ಬರೆದ. ಅಕ್ಕಿಯನ್ನು ಸೇರಿನಲ್ಲಿ ಅಳೆದು, ಬೆಲ್ಲವನ್ನು ಕಿಲೋದಲ್ಲಿ ತೂಗಿ, ಎರಡನ್ನೂ ಕೂಡಿಸಿ ಪಾಯಸ ಇಷ್ಟು ಲೀಟರ್ ಎಂದ ಹಾಗೆ ಇತ್ತು ಅದು. ಅವನ ಕೈ ಕೆಳಗಿನವರು ಯಾರೂ ಕೇಳಲಿಲ್ಲ. ಹೂವಪ್ಪನ ಅಳತೆ ತಪ್ಪಲ್ಲವಲ್ಲ.

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಮುಳುಗಲಿರುವ ಕಣಿವೆಯ ಮರಗಳು ಹಗಲೆಲ್ಲ ಲಾರಿಯ ಮೇಲೆ ಬಂದು ಬೀಳುತ್ತಿದ್ದವು: ಮತ್ತಿ, ನಂದಿ, ಹೊನ್ನೆ, ಬೀಟೆ. ಅಣೆಕಟ್ಟಿನವರು ನೀರನ್ನು ಇನ್ನೂ ಕೋಟಿ ಕೋಟಿ ಘನ ಅಡಿಯಲ್ಲೇ ಎಣಿಸುತ್ತಿದ್ದರು, ಆ ನೀರಿನಲ್ಲಿ ಮುಳುಗುವ ಮರಕ್ಕೆ ಮಾತ್ರ ಮೀಟರು. ಇದರಲ್ಲಿ ಯಾರ ತಲೆ ಸರಿಯಿದೆ ಎಂದು ಹೂವಪ್ಪ ಹೋಟೆಲಿನಲ್ಲಿ ಕೂತು ಗೇಲಿ ಮಾಡುತ್ತಿದ್ದ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಜಾತಿಯವನು.

ಅರವತ್ತನಾಲ್ಕರ ಜನವರಿಯಲ್ಲಿ ಡಿಪೋದ ಒಟ್ಟು ದಾಸ್ತಾನು ಎಷ್ಟು ಎಂದು ಮೇಲಿನವರು ಕೇಳಿದರು. ಹಳೆಯ ಲೆಕ್ಕದಲ್ಲಿ ಅದು ಹನ್ನೆರಡು ಸಾವಿರ ಘನ ಅಡಿ. ಘನ ಮೀಟರಿಗೆ ಇಳಿಸಿದರೆ ಮುನ್ನೂರ ನಲವತ್ತು ಆಗಬೇಕು. ಹೂವಪ್ಪನ ರಿಜಿಸ್ಟರು ಕೂಡಿಸಿದರೆ ಮೂರು ಸಾವಿರದ ಆರುನೂರ ಅರವತ್ತು. ರೇಂಜರ್ ನಾರಾಯಣಮೂರ್ತಿ ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಕಾಗದ ಬಲ್ಲವರು, ದಿಮ್ಮಿ ಬಲ್ಲವರಲ್ಲ. ಸಂಖ್ಯೆ ದೊಡ್ಡದಿದ್ದುದನ್ನು ಕಂಡು ಸಂತೋಷಪಟ್ಟು ರುಜು ಹಾಕಿ ಕಳಿಸಿದರು. ಹದಿನೈದು ದಿನದಲ್ಲಿ ಮೆಚ್ಚುಗೆಯ ಕಾಗದ ಬಂತು. ಇಷ್ಟು ಚಿಕ್ಕ ಡಿಪೋದಲ್ಲಿ ಅಷ್ಟೊಂದು ನಾಟಾ ಶೇಖರಿಸಿದ ಸಿಬ್ಬಂದಿಯ ದಕ್ಷತೆ ಶ್ಲಾಘನೀಯ ಎಂದು ಅದರಲ್ಲಿತ್ತು. ರೇಂಜರು ಹೂವಪ್ಪನ ಹೆಸರನ್ನು ಫಾರೆಸ್ಟರ್ ಬಡ್ತಿಗೆ ಬರೆದರು. ಹೂವಪ್ಪ ಆ ಕಾಗದಕ್ಕೆ ಕಟ್ಟು ಹಾಕಿಸಿ, ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ನೇತುಹಾಕಿದ.

ಮಾರ್ಚಿ ತಿಂಗಳಲ್ಲಿ ಗುತ್ಯಮ್ಮ ಬಂದಳು. ಬಂಗಾರಮ್ಮನ ತವರಿನ ಕಡೆಯವಳು, ಗಂಡನಿಲ್ಲದವಳು, ಮುದಿ ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಸಾಕುತ್ತಿದ್ದವಳು. ಅವಳ ಊರು ಮುಳುಗಡೆಗೆ ಹೋಗಿತ್ತು. ಹೊಸನಗರದ ಆಚೆ ಗುಡ್ಡದ ಬುಡದಲ್ಲಿ ಜಾಗ ಕೊಟ್ಟಿದ್ದರು. ಮನೆ ಕಟ್ಟಿಕೊಳ್ಳಲು ಐದು ಘನ ಮೀಟರ್ ನಾಟಾ ಬಿಟ್ಟಿಯಾಗಿ ಕೊಡತಕ್ಕದ್ದು ಎಂದು ಪರ್ಮಿಟ್ಟು. ಅವಳ ಹಿಂದೆ ಅದೇ ಊರಿನ ಇನ್ನೂ ಆರು ಮನೆಯವರು ಅಂಥದೇ ಪರ್ಮಿಟ್ಟು ಹಿಡಿದು ನಿಂತಿದ್ದರು.

ಹೂವಪ್ಪ ಅವಳಿಗೆಂದು ಡಿಪೋ ಎಲ್ಲ ಸುತ್ತಿ, ಒಂದು ಗಂಟಿಲ್ಲದ ಮತ್ತಿ ದಿಮ್ಮಿ ಆರಿಸಿದ. ಉದ್ದ ಹನ್ನೆರಡಡಿ, ಅಂದರೆ ಹೊಸ ಟೇಪಿನಲ್ಲಿ ಮೂರು ಮೀಟರು ಅರವತ್ತಾರು. ದಾರದ ಮಡಿಕೆ ಹದಿನಾಲ್ಕು ಇಂಚು. ಬಾಯಲ್ಲೇ ಗುಣಿಸಿದ: ಐದಕ್ಕೆ ಕೂದಲೆಳೆಯಷ್ಟು ಕಡಿಮೆ. ಇಷ್ಟು ಸರಿಯಾಗಿ ಹೊಂದುವ ದಿಮ್ಮಿ ಸಿಕ್ಕಿತಲ್ಲ ಎಂದು ಅವನಿಗೆ ಹೆಮ್ಮೆಯೋ ಹೆಮ್ಮೆ. ಗುತ್ಯಮ್ಮ ಆ ಒಂಟಿ ದಿಮ್ಮಿಯನ್ನು ನೋಡಿದಳು, ಡಿಪೋದ ತುಂಬ ಬಿದ್ದಿದ್ದ ಮರಗಳನ್ನು ನೋಡಿದಳು.

“ಇಷ್ಟೇನಾ ಹೂವಪ್ಪಣ್ಣ?”

“ಐದು ಅಂದ್ರೆ ಇಷ್ಟೇ ಅಕ್ಕ. ನಾನೇನ್ ಮಾಡ್ಲಿ, ಸರ್ಕಾರದೋರ ಕೈ ಬಿಗಿ.”

ಅವಳು ಅದನ್ನೇ ಗಾಡಿಗೆ ಹೇರಿಸಿದಳು. ಉಳಿದ ಆರು ಮನೆಯವರೂ ಒಂದೊಂದು ದಿಮ್ಮಿ ಹೇರಿಕೊಂಡು ಹೋದರು. ಅವತ್ತು ಸಂಜೆ ಕೆರಿಯಪ್ಪನ ಹೋಟೆಲಿನಲ್ಲಿ ಹೂವಪ್ಪ ಸರ್ಕಾರವನ್ನು ಹಿಗ್ಗಾಮುಗ್ಗಾ ಬೈದ. ಊರಿಗೆ ಊರೇ ಮುಳುಗಿಸಿ ಕೈಗೆ ಒಂದು ತುಂಡು ಕೊಡ್ತಾರಲ್ಲ, ಇವರ ವಂಶ ಉದ್ಧಾರ ಆದೀತೇ ಎಂದ. ಕೇಳಿದವರೆಲ್ಲ ಹೌದೌದು ಎಂದರು. ಗಾರ್ಡಾದರೂ ಬಡವರ ಪರ ಮಾತಾಡುತ್ತಾನೆ ಎಂದು ಒಬ್ಬ ಹೊಗಳಿದ. ಆ ಹೊಗಳಿಕೆಯನ್ನೂ ಹೂವಪ್ಪ ಬಿಡದೆ ಮನೆಗೆ ತಂದು ಬಂಗಾರಮ್ಮನಿಗೆ ಒಪ್ಪಿಸಿದ.

ಇದಾಗಿ ಹತ್ತು ದಿನಕ್ಕೆ ಶಾಲೆಯ ಮಂಜಯ್ಯ ಮೇಷ್ಟ್ರಿಂದ ಕರೆ ಬಂತು. ಮೇಷ್ಟ್ರು ಹಿಂದಿನ ವಾರವಷ್ಟೇ ಡಿಪೋದಿಂದ ಒಂದು ಬಿದಿರು ಕೇಳಿ ಒಯ್ದಿದ್ದರು. ಈಗ ಮಕ್ಕಳಿಗೆ ಅಳತೆಯ ಬಗ್ಗೆ ನಾಲ್ಕು ಮಾತು ಹೇಳಲು ನಿಮಗಿಂತ ತಕ್ಕವರು ಯಾರು ಎಂದರು. ಹೂವಪ್ಪ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಹೋದ. ಮುಕ್ಕಾಲು ಗಂಟೆ ಮಾತಾಡಿದ. ಅದರಲ್ಲಿ ಅಳತೆಯ ಬಗ್ಗೆ ನಾಲ್ಕು ಮಾತು ಇದ್ದವೋ ಇಲ್ಲವೋ, ತನ್ನ ಬಗ್ಗೆಯಂತೂ ಇದ್ದವು. ಮುಗಿದ ಮೇಲೆ ಮೇಷ್ಟ್ರು ಮೂಲೆಯಿಂದ ಬಿದಿರು ದಬ್ಬೆಯ ದೊಡ್ಡದೊಂದು ಚೌಕಟ್ಟನ್ನು ನಡುವೆ ತಂದಿಟ್ಟರು. ಕೋಳಿಗೂಡೇ ಮೇಷ್ಟ್ರೇ ಎಂದು ಹೂವಪ್ಪ ತಮಾಷೆ ಮಾಡಿದ. ಮಕ್ಕಳು ನಕ್ಕರು.

“ಇದೇ ಅಲ್ವಾ ಹೂವಪ್ಪನವರೇ, ನಿಮ್ಮ ಒಂದು ಘನ ಮೀಟರು,” ಎಂದರು ಮೇಷ್ಟ್ರು.

ಆರು ಮಕ್ಕಳು ಒಳಗೆ ನುಗ್ಗಿ ಕೂತರು. ಇನ್ನೂ ಒಬ್ಬಳಿಗೆ ಜಾಗವಿತ್ತು. ಇಂಥವು ನಿಮ್ಮ ಡಿಪೋದಲ್ಲಿ ಎಷ್ಟಿವೆ, ಮಕ್ಕಳಿಗೆ ಹೇಳಿ ಎಂದರು ಮೇಷ್ಟ್ರು. ಮೂರು ಸಾವಿರದ ಆರುನೂರ ಅರವತ್ತು ಎನ್ನಲು ಹೂವಪ್ಪ ಬಾಯಿ ತೆರೆದ. ಕಣ್ಣು ಮತ್ತೆ ಆ ಚೌಕಟ್ಟಿನ ಮೇಲೆ ಬಿತ್ತು. ಜೇಬಿನಿಂದ ದಾರ ತೆಗೆದು ಚೌಕಟ್ಟಿನ ಒಂದು ಅಂಚಿಗೆ ಹಿಡಿದ, ಆಮೇಲೆ ಅಡ್ಡಕ್ಕೆ ಹಿಡಿದ, ಆಮೇಲೆ ಮೇಲಕ್ಕೆ. ಮೂರು ಕಡೆಯೂ ಅವನ ಕಣ್ಣಳತೆಗೆ ಮೂರೂಕಾಲು ಅಡಿ. ಮೂರೂಕಾಲನ್ನು ಮೂರೂಕಾಲರಿಂದ ಗುಣಿಸಿದರೆ ಹತ್ತೂವರೆ ಚಿಲ್ಲರೆ, ಅದನ್ನು ಮತ್ತೆ ಮೂರೂಕಾಲರಿಂದ ಗುಣಿಸಿದರೆ ಮೂವತ್ತೈದರ ಹತ್ತಿರ. ಒಂದು ಘನ ಮೀಟರಿಗೆ ಮೂವತ್ತೈದು ಘನ ಅಡಿ! ಅವನು ಇಷ್ಟು ದಿನ ಅದನ್ನು ಬರೀ ಮೂರೂಕಾಲು ಘನ ಅಡಿ ಎಂದು ಹಿಡಿದಂತಾಗಿತ್ತು. ಗುತ್ಯಮ್ಮನ ಆ ಮತ್ತಿ ದಿಮ್ಮಿ ಹದಿನಾರು ಘನ ಅಡಿ. ಅದನ್ನು ತುಂಡು ಮಾಡಿ ಈ ಗೂಡಿಗೆ ತುಂಬಿದರೆ ಅರ್ಧವೂ ತುಂಬದು. ಅವಳಿಗೆ ಸಲ್ಲಬೇಕಾಗಿದ್ದದ್ದು ಇಂಥ ಐದು ಗೂಡು ತುಂಬ ಮರ, ಅಂದರೆ ಅಂಥವೇ ಹನ್ನೊಂದು ದಿಮ್ಮಿ. ಅವನು ಕೊಟ್ಟದ್ದು ಒಂದು.

ಉತ್ತರಕ್ಕಾಗಿ ಮಕ್ಕಳು ಕಾಯುತ್ತಿದ್ದರು. ಹೂವಪ್ಪ ಬಾಯಾರಿಕೆ ಎಂದು ಹೇಳಿ ಎರಡು ಚೊಂಬು ನೀರು ಕುಡಿದ. ಮೂರು ಸಾವಿರ ಚಿಲ್ಲರೆ ಗೂಡುಗಳನ್ನು ಸಾಲಾಗಿ ಇಟ್ಟರೆ ಎರಡು ಮೈಲಿ ದಾಟುತ್ತದೆ ಎಂದು ಆ ಹಾಳು ತಲೆ ಕೇಳದೆಯೇ ಲೆಕ್ಕ ಹಾಕಿತು. ಬೇಡವಾದಾಗ ಎಂಥ ಚುರುಕು!

ಮನೆಗೆ ಬಂದು ಹಗಲು ಹೊತ್ತಿನಲ್ಲೇ ಮುಸುಕು ಎಳೆದು ಮಲಗಿದ. ಬರುವ ಸೋಮವಾರ ಡಿಪೋದಲ್ಲಿ ಹರಾಜು. ಅಷ್ಟೂ ಮರವನ್ನು ಸಾಮಿಲ್ಲಿನವರು ಎತ್ತಿಕೊಂಡು ಹೋದರೆ ಆಮೇಲೆ ಕೊಡುತ್ತೇನೆ ಎಂದರೂ ಕೊಡಲು ಮರವಿಲ್ಲ. ಬಾಯಿ ಬಿಟ್ಟರೆ ಬಡ್ತಿ ಹೋಯಿತು, ಕಟ್ಟು ಹಾಕಿಸಿದ ಕಾಗದ ಹೋಯಿತು, ಗಾದೆ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಇಲ್ಲಿ ಹೋಗುತ್ತಿರುವುದು ಹನ್ನೆರಡು ಸಾವಿರ ಅಡಿ ಮಾನ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗದು. ಏಳು ಮನೆಯವರೂ ಸರ್ಕಾರವನ್ನು ಬೈದುಕೊಂಡು ಸುಮ್ಮನಾಗುತ್ತಾರೆ. ಬೈಯುವುದನ್ನು ಅವನೇ ಹೇಳಿಕೊಟ್ಟಿದ್ದಾನಲ್ಲ. ಎಷ್ಟು ಹೊರಳಿದರೂ ನಿದ್ದೆ ಬರದೆ, ಎದ್ದು ಬಂಗಾರಮ್ಮನಿಗೆ ಎಲ್ಲ ಹೇಳಿದ. ಶಿವಮೊಗ್ಗದ ಸೀರೆಯ ದಿನವನ್ನೂ ಸೇರಿಸಿ ಹೇಳಿದ.

ಬಂಗಾರಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಬಡ್ತಿ ಬಂದ್ರೆ ನಾ ಫಾರೆಸ್ಟರ್ ಹೆಂಡ್ತಿ ಆಗ್ತೀನಿ, ಸೈ. ಮಳೆಗಾಲ್ದಲ್ಲಿ ಗುತ್ಯಮ್ಮಕ್ಕ ಮಕ್ಕಳ್ನ ಕಟ್ಕಂಡು ಎಲ್ಲಿ ಮಲಗ್ತಾಳೆ, ಅದನ್ನ ಹೇಳಿ.”



ಮಾರನೆಯ ಬೆಳಿಗ್ಗೆ ಹೂವಪ್ಪ ರೇಂಜರ್ ನಾರಾಯಣಮೂರ್ತಿಯವರ ಮುಂದೆ ನಿಂತು ಅಡಿಕೋಲು, ದಾರ, ಟೇಪು ಮೂರನ್ನೂ ಮೇಜಿನ ಮೇಲಿಟ್ಟು ವಿವರಿಸಿದ. ರೇಂಜರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಳಿಚಿತು, ಮೆಚ್ಚುಗೆಯ ಕಾಗದದಲ್ಲಿ ಅವರ ಹೆಸರೂ ಇತ್ತಲ್ಲ.

“ಏನ್ರೀ ಹೂವಪ್ಪ, ಮೂರು ಸಾವಿರ ಮೀಟರ್ ಮರ ಎಲ್ಲಿ ಹೋಯ್ತು ಅಂತ ಬರೀಲಿ ನಾನು?”

“ಹೋಗ್ಲಿಲ್ಲ ಸಾರ್, ಬಂದೇ ಇರ್ಲಿಲ್ಲ.”

ರೇಂಜರು ಕೆಟ್ಟವರಲ್ಲ, ಹೆದರಿದವರು. ಹರಾಜು ಆಗಿಹೋಗಲಿ, ಉಳಿದದ್ದನ್ನು ವರ್ಷಕ್ಕೆ ಇಷ್ಟು ಎಂದು ಒಣಗಿತು, ಗೆದ್ದಲು ತಿಂದಿತು ಎಂದು ಕಳೆಯುತ್ತ ಬಂದರಾಯಿತು ಎಂದರು. ಅಷ್ಟು ತಿಂದ ಗೆದ್ದಲಿಗೆ ನನಗಿಂತ ಮೊದಲು ಬಡ್ತಿ ಕೊಡಬೇಕಾಗುತ್ತದೆ ಸಾರ್ ಎಂದ ಹೂವಪ್ಪ. ರೇಂಜರಿಗೆ ನಗು ಬರಲಿಲ್ಲ. ಆ ಏಳು ಮನೆಯವರಿಗೆ ಪುಸ್ತಕದ ಪ್ರಕಾರ ಐದೈದು ಮೀಟರು ಕೊಟ್ಟಾಗಿದೆ, ಮತ್ತೆ ಒಂದು ಕಡ್ಡಿ ಕೊಡಬೇಕಾದರೂ ಮೊದಲಿನ ಅಳತೆ ತಪ್ಪು ಎಂದು ಅಳೆದವನೇ ಬರೆದುಕೊಡಬೇಕು, ಬರೆದರೆ ನಿನ್ನ ಬಡ್ತಿ ಈ ಜನ್ಮಕ್ಕಿಲ್ಲ ಎಂದು ಬಿಡಿಸಿ ಹೇಳಿದರು. ಹೂವಪ್ಪ ಕಾಗದ ಕೇಳಿದ. ‘ಮೇಲ್ಕಂಡ ದಿಮ್ಮಿಗಳ ಉದ್ದವನ್ನು ಮೀಟರಿನಲ್ಲೂ ದಪ್ಪವನ್ನು ಅಡಿಯಲ್ಲೂ ಹಿಡಿದು ಅಳೆದವನು ನಾನೇ, ಬೇರೆ ಯಾರ ತಪ್ಪೂ ಇಲ್ಲ’ ಎಂದು ಬರೆದ.  ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಮೊದಲ ಬಾರಿಗೆ ತಪ್ಪು ಎಂಬ ಪದವನ್ನು ತನ್ನ ಹೆಸರಿನ ಪಕ್ಕ ಬರೆದಿದ್ದ.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಹರಾಜು ಮೂರು ವಾರ ಮುಂದಕ್ಕೆ ಹೋಯಿತು. ಅಷ್ಟೂ ದಿಮ್ಮಿಯನ್ನು ಹೊಸದಾಗಿ ಅಳೆಸಿದರು; ಹೂವಪ್ಪ ಟೇಪಿನ ಒಂದು ತುದಿ ಹಿಡಿದುಕೊಂಡ, ಬರೆದವನು ಶಿವಮೊಗ್ಗದ ತರಬೇತಿಯ ಆ ಕನ್ನಡಕದ ಹುಡುಗ. ಬಡ್ತಿಯ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಕೆರಿಯಪ್ಪನ ಹೋಟೆಲಿನಲ್ಲಿ ಒಂದು ಚಾ ಹೇಳಿದರೆ, ಅವನ ಲೆಕ್ಕ ಉಬ್ಬಿದಷ್ಟೇ ಪಟ್ಟು, ಹತ್ತೂಮುಕ್ಕಾಲು ಚಾ ತಂದಿಡಲೇ ಎಂದು ಕೇಳುವವರು ಹುಟ್ಟಿಕೊಂಡರು. ಮಂಜಯ್ಯ ಮೇಷ್ಟ್ರು ವರ್ಷದ ಕೊನೆಗೆ ಚೌಕಟ್ಟನ್ನು ಎಸೆಯಲು ಹೊರಟಾಗ ಹೂವಪ್ಪನೇ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದ. ಏಳು ಮನೆಯ ಬಾಕಿ ಮರವನ್ನು ಹರಾಜಿಗೆ ಮೊದಲೇ ಬೇರೆ ಇಡಿಸಿದರು.

ಗುತ್ಯಮ್ಮನ ಹತ್ತು ದಿಮ್ಮಿ ಹೇರಿದ ಲಾರಿಯಲ್ಲಿ ಹೂವಪ್ಪ ತಾನೇ ಹೋದ. ಏಪ್ರಿಲ್ ಕೊನೆ, ಮೊದಲ ಮಳೆಗೆ ಇನ್ನು ತಿಂಗಳೋ ಒಂದೂವರೆ ತಿಂಗಳೋ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡ. ಬೈದರೆ ಬೈಸಿಕೊಳ್ಳುವುದು, ಅತ್ತರೆ ಏನು ಮಾಡುವುದು ಎಂದು ಗೊತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಸೋಗೆ ಹೊದಿಸಿದ ಒಂದು ಬಿಡಾರ. ಅದರ ಎದುರು ಸಮ ಮಾಡಿದ ಕೆಂಪು ನೆಲ. ಆ ನೆಲದ ಮೇಲೆ, ಗೋಡೆಯಿಲ್ಲ, ಮಾಡಿಲ್ಲ, ಒಂದು ಬಾಗಿಲ ಚೌಕಟ್ಟು ಮಾತ್ರ ನೆಟ್ಟಗೆ ನಿಂತಿತ್ತು. ಹೊಸಿಲಿಗೆ ಅರಿಶಿನ ಕುಂಕುಮ, ಮೇಲೆ ಒಣಗಿದ ಮಾವಿನ ತೋರಣ. ಮತ್ತಿ ಮರ. ಗಂಟಿಲ್ಲದ್ದು. ಅವನೇ ಆರಿಸಿ ಕೊಟ್ಟದ್ದು.

ಗುತ್ಯಮ್ಮ ಲಾರಿಯನ್ನೂ ಅವನನ್ನೂ ನೋಡುತ್ತ ನಿಂತಳು. ಹೂವಪ್ಪ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ತಪ್ಪು ನಂದು, ಸರ್ಕಾರದ್ದಲ್ಲ, ಐದು ಅಂದರೆ ಹನ್ನೊಂದು ದಿಮ್ಮಿ ಆಗಬೇಕಿತ್ತು, ನಾನು ಉದ್ದ ಒಂದನ್ನೇ ಹೊಸ ಅಳತೆಗೆ ತಂದೆ ಎಂದು ಬಡಬಡಿಸಿದ. ಅವಳು ಪೂರ್ತಿ ಕೇಳಿದಳು. ಭತ್ತ ಅಳೆದು ಬಾಳಿದ ಹೆಂಗಸು, ತಿಳಿಯಲು ಅವಳಿಗೆ ಮೇಷ್ಟ್ರ ಬಿದಿರಿನ ಚೌಕಟ್ಟು ಬೇಕಾಗಲಿಲ್ಲ.

“ಕೊಳಗದ ಬಾಯಿ ಅಳೆದು ಹೊಟ್ಟೆ ಬಿಟ್ರಾ ಹಂಗಾದ್ರೆ,” ಎಂದಳು.

ಹೂವಪ್ಪ ಹೌದೆಂದು ತಲೆಯಾಡಿಸಿದ. ಅಷ್ಟರಲ್ಲಿ ಅವನ ಕಣ್ಣು ನೆಲದ ಮೇಲೆ ಬಿತ್ತು. ಗೋಡೆಗೆ ಗುರುತು ಮಾಡಿದ ಗೂಟಗಳು ಎರಡು ಸಾಲು ಇದ್ದವು. ಹೊರಗಿನ ಸಾಲು ಅಗಲವಾಗಿತ್ತು. ಒಂದು ಜಗಲಿ, ಎರಡು ಕೋಣೆ, ಅಡಿಗೆ ಮನೆ ಬರುವಷ್ಟು. ಒಳಗಿನ ಸಾಲಿನಲ್ಲಿ ನಾಲ್ಕು ಜನ ಒತ್ತಿಕೊಂಡು ಮಲಗಿದರೆ ಮುಗಿಯಿತು. ಅದೇನು ಎರಡೆರಡು ಎಂದು ಕೇಳಿದ.

“ಹೂವಪ್ಪನ ಅಳತೆ ತಪ್ಪಲ್ಲ ಅಂತ ಊರೇ ಹೇಳ್ತಿತ್ತಲ್ಲ. ಹಂಗಾಗಿ ನಾ ಕಟ್ಟಬೇಕಂದಿದ್ ಮನೇನೇ ದೊಡ್ಡದಾಯ್ತು ಅಂದ್ಕಂಡೆ. ಒಳಗೆ ಇನ್ನೊಂದು ಸಾಲು ಗೂಟ ಹೊಡ್ದೆ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೂವಪ್ಪ ತಡೆದುಕೊಳ್ಳುತ್ತಿದ್ದ. ಅವನು ಕಣ್ಣೊರೆಸಿಕೊಂಡು, ಆ ಒಳಗಿನ ಗೂಟಗಳನ್ನು ಕಿತ್ತುಬಿಡೋಣ ಎಂದು ಪಕ್ಕದಿಂದ ಆ ನೆಲದ ಮೇಲೆ ಕಾಲಿಡಲು ಹೋದ.

“ಅಲ್ಲಿಂದಲ್ಲ ಹೂವಪ್ಪಣ್ಣ, ಬಾಗ್ಲು ಐತಲ್ಲ. ಬಾಗ್ಲಿಂದ ಬನ್ನಿ,” ಎಂದಳು ಗುತ್ಯಮ್ಮ.

ಹೂವಪ್ಪ ಸುತ್ತಿಕೊಂಡು ಮುಂದೆ ಬಂದು ಚಪ್ಪಲಿ ಬಿಟ್ಟ. ತಲೆ ತಗ್ಗಿಸಿ, ಹೊಸಿಲು ತುಳಿಯದಂತೆ ದಾಟಿ, ಗೋಡೆಯಿಲ್ಲದ ಮನೆಯೊಳಕ್ಕೆ ಹೋಗಿ ಒಳಸಾಲಿನ ಮೊದಲ ಗೂಟಕ್ಕೆ ಕೈ ಹಾಕಿದ.